ಹೆಳವರ ಹೊತ್ತಿಗೆಯಲ್ಲಿ ಇಲ್ಲದ ಸಾಲು

ಸುಗ್ಗಿ ಮುಗಿದು ಕಣ ಬರಿದಾದ ಮೇಲೆ ಸಂಪಗಾಂವ ಸೀಮೆಯ ಹಳ್ಳಿಗಳಿಗೆ ಹೆಳವರು ಬರುತ್ತಾರೆ. ಎತ್ತಿನ ಮೇಲೆ ಕುಳಿತು ಗಂಟೆ ಬಾರಿಸುತ್ತ ಬರುವುದು ಹಳೆಯ ರೂಢಿ. ಒಕ್ಕಲು ಮನೆಯ ಮುಂದೆ ನಿಂತು, ಆ ಮನೆತನದ ಮೂಲಪುರುಷನಿಂದ ಹಿಡಿದು ಇವತ್ತಿನ ಯಜಮಾನನವರೆಗೆ ಹೆಸರುಗಳನ್ನು ರಾಗವಾಗಿ ಹೇಳುತ್ತಾರೆ. ಯಾವ ಊರಿನಿಂದ ಬಂದವರು, ಯಾರ ಮಕ್ಕಳು ಯಾರು, ಯಾವ ಅಣ್ಣತಮ್ಮಂದಿರು ಬೇರೆಯಾಗಿ ಎಲ್ಲಿ ನೆಲೆಸಿದರು, ಎಲ್ಲವೂ ಅವರ ಹೊತ್ತಿಗೆಯಲ್ಲಿ ಇರುತ್ತದೆ. ಹೊಸದಾಗಿ ಹುಟ್ಟಿದ ಮಗನ ಹೆಸರು ಅದಕ್ಕೆ ಸೇರುತ್ತದೆ. ಮನೆಯವರು ಜೋಳ, ಬಟ್ಟೆ ಕೊಟ್ಟು ಕಳಿಸುತ್ತಾರೆ. ಬೆಳಗಾವಿ ಜಿಲ್ಲೆಯ ಎಷ್ಟೋ ಒಕ್ಕಲು ಕುಟುಂಬಗಳಿಗೆ ತಮ್ಮ ಏಳೆಂಟು ತಲೆಮಾರು ಗೊತ್ತಿರುವುದು ಹೀಗೆಯೇ.

ಆ ಹೊತ್ತಿಗೆಯಲ್ಲಿ ಎರಡು ಸಂಗತಿಗಳು ಸಿಗುವುದಿಲ್ಲ. ಮನೆಯ ಹಿರಿಯರು ಯಾವ ವಯಸ್ಸಿಗೆ, ಯಾವ ಬೇನೆಯಿಂದ ತೀರಿಕೊಂಡರು ಎಂಬುದು ಒಂದು. ಬಹುಮಟ್ಟಿಗೆ ಗಂಡುಸಂತಾನದ ಲೆಕ್ಕವಾದ್ದರಿಂದ, ಮದುವೆಯಾಗಿ ಹೋದ ಹೆಣ್ಣುಮಕ್ಕಳ ಕವಲು ಎರಡನೆಯದು. ಹೃದಯದ ಕಾಯಿಲೆಯ ಮಟ್ಟಿಗೆ ವೈದ್ಯರು ಮೊದಲು ಕೇಳುವುದು ಇವೆರಡನ್ನೇ.

ಕೇಳಿದಾಗ ಸಿಗುವ ಉತ್ತರ ಸಾಮಾನ್ಯವಾಗಿ ಹೀಗಿರುತ್ತದೆ: "ಅಪ್ಪಾರು ಹೊಲದಾಗ ಕುಂತಲ್ಲೇ ಹೋದ್ರ್ರೀ, ಗ್ಯಾಸ್ ಆಗಿತ್ತಂತ. ಕಾಕಾಗೂ ಹಂಗ ಆತ್ರಿ." ವಯಸ್ಸು ಕೇಳಿದರೆ ನಲವತ್ತೆಂಟು, ಐವತ್ತು. ತಾಯಿಯ ಕಡೆ ಕೇಳಿದರೆ, "ಅದು ಗೊತ್ತಿಲ್ರಿ."

ಜನ ಇವತ್ತು 'ಬ್ಲಾಕ್ ಆಗೇತಿ' ಎನ್ನುವುದನ್ನೇ ವೈದ್ಯಕೀಯ ಪುಸ್ತಕಗಳು ಅಪಧಮನಿ ಕಾಠಿಣ್ಯ ಅಥವಾ ಅಥೆರೋಸ್ಕ್ಲೆರೋಸಿಸ್ ಎನ್ನುತ್ತವೆ. ಪೈಪಿನೊಳಗೆ ಕೆಸರು ಕಟ್ಟಿದ ಹಾಗೆ ಎಂದು ಅದನ್ನು ವಿವರಿಸುವ ವಾಡಿಕೆ ಉಂಟು. ಆದರೆ ಕೊಬ್ಬು ಕೂರುವುದು ರಕ್ತನಾಳದ ಟೊಳ್ಳಿನಲ್ಲಲ್ಲ, ಅದರ ಗೋಡೆಯ ಒಳಗೆ. ರಕ್ತದಲ್ಲಿ ಕೊಲೆಸ್ಟರಾಲ್ ಹೊತ್ತು ತಿರುಗುವ ಎಲ್‌ಡಿಎಲ್ ಕಣಗಳು ನಾಳದ ಒಳಪದರ ದಾಟಿ ಗೋಡೆಯಲ್ಲಿ ಸಿಕ್ಕಿಕೊಳ್ಳುತ್ತವೆ. ಅವನ್ನು ತೆಗೆಯಲು ಬಂದ ಬಿಳಿ ರಕ್ತಕಣಗಳು ಕೊಬ್ಬು ನುಂಗಿ ಉಬ್ಬಿ ಅಲ್ಲೇ ಸಾಯುತ್ತವೆ. ಸುತ್ತ ನಾರು ಬೆಳೆಯುತ್ತದೆ, ಸುಣ್ಣ ಕೂರುತ್ತದೆ. ಇದು ಇಪ್ಪತ್ತು ಮೂವತ್ತು ವರ್ಷ ಸದ್ದಿಲ್ಲದೆ ನಡೆಯುವ ಕೆಲಸ. ಒಂದು ದಿನ ಆ ಗಂಟಿನ ಮೇಲಿನ ತೆಳು ಪದರ ಹರಿದರೆ ಅಲ್ಲಿ ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚುತ್ತದೆ. ಹೃದಯದ ನಾಳದಲ್ಲಾದರೆ ಹೃದಯಾಘಾತ, ಮಿದುಳಿಗೆ ಹೋಗುವ ನಾಳದಲ್ಲಾದರೆ ಲಕ್ವ.

ಈ ಕಾಯಿಲೆ ನಗರದ ತಿನಿಸುಗಳ ಜೊತೆ ಹುಟ್ಟಿದ್ದಲ್ಲ. 2013ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಈಜಿಪ್ಟ್, ಪೆರು ಮೊದಲಾದ ಕಡೆಯ 137 ಮಮ್ಮಿಗಳನ್ನು ಸಿಟಿ ಸ್ಕ್ಯಾನ್ ಮಾಡಿ ನೋಡಿದಾಗ ಮೂರರಲ್ಲಿ ಒಂದು ದೇಹದ ರಕ್ತನಾಳದಲ್ಲಿ ಇದರ ಗುರುತು ಸಿಕ್ಕಿತು. ಆಲ್ಪ್ಸ್ ಪರ್ವತದ ಹಿಮದಲ್ಲಿ 1991ರಲ್ಲಿ ಸಿಕ್ಕ 5,300 ವರ್ಷ ಹಳೆಯ ಓಟ್ಜಿ ಎಂಬ ಮನುಷ್ಯನ ನಾಳಗಳಲ್ಲೂ ಸುಣ್ಣ ಕೂತಿತ್ತು. 2012ರಲ್ಲಿ ಅವನ ವಂಶವಾಹಿಗಳನ್ನು ಓದಿದಾಗ, ಹೃದಯಾಘಾತದ ಸಾಧ್ಯತೆ ಹೆಚ್ಚಿಸುವ ಗುರುತುಗಳು ಅವನಲ್ಲಿ ಇದ್ದದ್ದು ಕಂಡಿತು. ಬೆಟ್ಟ ಹತ್ತಿ ಇಳಿದು ಬದುಕಿದ, ಬೀಡಿ ಸೇದದ, ಕರಿದ ಪದಾರ್ಥ ಕಾಣದ ಮನುಷ್ಯ ಅವನು.

ಹಾಗಾದರೆ ವಂಶದ ಪಾಲು ಎಷ್ಟು? ಇದಕ್ಕೆ ಒಳ್ಳೆಯ ಸಾಕ್ಷಿ ಅವಳಿಗಳಿಂದ ಬಂತು. 1994ರಲ್ಲಿ ಸ್ವೀಡನ್ನಿನ ಸುಮಾರು 21 ಸಾವಿರ ಅವಳಿಗಳ ಅಧ್ಯಯನ ಪ್ರಕಟವಾಯಿತು. ಅವಳಿ ಸಹೋದರರಲ್ಲಿ ಒಬ್ಬ 55 ತುಂಬುವ ಮೊದಲೇ ಹೃದಯದ ಕಾಯಿಲೆಯಿಂದ ಸತ್ತಿದ್ದರೆ, ತದ್ರೂಪಿಯಾದ ಇನ್ನೊಬ್ಬನ ಅಪಾಯ ಎಂಟು ಪಟ್ಟು ಏರುತ್ತಿತ್ತು. ತದ್ರೂಪಿ ಅಲ್ಲದ ಅವಳಿಗಳಲ್ಲಿ ಅದು ನಾಲ್ಕು ಪಟ್ಟಿನಷ್ಟು. ಎರಡೂ ಬಗೆಯ ಅವಳಿಗಳು ಒಂದೇ ಮನೆಯ ಅನ್ನ ಉಂಡವರು, ಒಂದೇ ಶಾಲೆಗೆ ಹೋದವರು. ಆ ವ್ಯತ್ಯಾಸ ಹೆಚ್ಚಾಗಿ ರಕ್ತದ್ದು. ಇಂಥ ಅಧ್ಯಯನಗಳನ್ನೆಲ್ಲ ಸೇರಿಸಿ ಪರಿಣತರು ಈ ಕಾಯಿಲೆಯ ಒಲವಿನಲ್ಲಿ ವಂಶದ ಪಾಲು ನೂರಕ್ಕೆ 40ರಿಂದ 60 ಎನ್ನುತ್ತಾರೆ. ವಯಸ್ಸಾದಂತೆ ಆ ಪಾಲು ತಗ್ಗುತ್ತದೆ. ಎಂಬತ್ತರ ಅಜ್ಜನ ಹೃದಯಾಘಾತಕ್ಕೂ ನಲವತ್ತೈದರ ಅಪ್ಪನ ಹೃದಯಾಘಾತಕ್ಕೂ ಮಕ್ಕಳ ಮಟ್ಟಿಗೆ ಒಂದೇ ಅರ್ಥವಿಲ್ಲ. ಅಪ್ಪ ಅಥವಾ ಅಣ್ಣತಮ್ಮಂದಿರಿಗೆ 55ಕ್ಕೆ ಮೊದಲು, ಅವ್ವ ಅಥವಾ ಅಕ್ಕತಂಗಿಯರಿಗೆ 65ಕ್ಕೆ ಮೊದಲು ಬಂದಿದ್ದರೆ ಮಾತ್ರ ವೈದ್ಯರು ಅದನ್ನು ವಂಶದ ಎಚ್ಚರಿಕೆ ಎಂದು ಎಣಿಸುತ್ತಾರೆ.

ಈ ವಂಶದ ಪಾಲು ಎರಡು ಬಗೆಯಲ್ಲಿ ಬರುತ್ತದೆ. ಒಂದೇ ವಂಶವಾಹಿಯ ದೊಡ್ಡ ಕೆಡುಕು ಒಂದು. ನೂರಾರು ಸಣ್ಣ ಸಣ್ಣ ಒಲವುಗಳು ಕೂಡಿ ಆಗುವ ಭಾರ ಇನ್ನೊಂದು. ಸಂಪಗಾಂವ ಸೀಮೆಯಂಥ ಕಡೆ ಮೊದಲನೆಯದರ ಬಗ್ಗೆ ತುಸು ನಿಂತು ಮಾತಾಡಬೇಕು.

ಸಂತೆ ದಿನದ ಮಾರುಕಟ್ಟೆ ನೆನೆಸಿಕೊಳ್ಳಬಹುದು. ಹೇರು ಹೊತ್ತ ಗಾಡಿಗಳು ಸಾಲಾಗಿ ಬರುತ್ತವೆ. ಇಳಿಸಿಕೊಳ್ಳುವ ಬಾಗಿಲುಗಳೆಲ್ಲ ತೆರೆದಿದ್ದರೆ ದಾರಿ ಖಾಲಿ. ಅರ್ಧ ಬಾಗಿಲು ಮುಚ್ಚಿದರೆ ಗಾಡಿಗಳು ದಾರಿಯಲ್ಲೇ ನಿಲ್ಲುತ್ತವೆ. ರಕ್ತದಲ್ಲಿ ತಿರುಗುವ ಎಲ್‌ಡಿಎಲ್ ಗಾಡಿಗಳನ್ನು ಬರಮಾಡಿಕೊಳ್ಳುವ ಬಾಗಿಲುಗಳು ಬಹುಪಾಲು ಪಿತ್ತಜನಕಾಂಗದಲ್ಲಿವೆ. ಅಮೆರಿಕದ ಡಲ್ಲಾಸ್ ನಗರದಲ್ಲಿ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್ 1970ರ ದಶಕದಲ್ಲಿ ಕಂಡುಹಿಡಿದದ್ದು ಈ ಬಾಗಿಲನ್ನೇ. ಅದಕ್ಕಾಗಿ 1985ರಲ್ಲಿ ಅವರಿಗೆ ನೊಬೆಲ್ ಬಂತು. ಆ ಬಾಗಿಲು ಕಟ್ಟುವ ವಂಶವಾಹಿ ಪ್ರತಿಯೊಬ್ಬರಲ್ಲೂ ಎರಡು ಪ್ರತಿ ಇರುತ್ತದೆ, ಅಪ್ಪನದೊಂದು, ಅವ್ವನದೊಂದು. ಒಂದು ಕೆಟ್ಟಿದ್ದರೆ ಬಾಗಿಲುಗಳು ಅರ್ಧಕ್ಕೆ ಇಳಿಯುತ್ತವೆ, ಹುಟ್ಟಿದ ದಿನದಿಂದಲೇ ಎಲ್‌ಡಿಎಲ್ ಏರಿರುತ್ತದೆ. ಇದೇ ವಂಶಪಾರಂಪರ್ಯ ಅಧಿಕ ಕೊಲೆಸ್ಟರಾಲ್, ವೈದ್ಯರ ಮಾತಿನಲ್ಲಿ ಎಫ್‌ಎಚ್.

ಜಗತ್ತಿನಲ್ಲಿ 250ರಿಂದ 300 ಜನರಲ್ಲಿ ಒಬ್ಬರಿಗೆ ಇದು ಇರುತ್ತದೆ. ಔಷಧ ಇಲ್ಲದಿದ್ದರೆ ಇಂಥ ಗಂಡಸರಲ್ಲಿ ಅರ್ಧದಷ್ಟು ಮಂದಿಗೆ 50ರೊಳಗೆ ಹೃದಯದ ಕಾಯಿಲೆ ಬರುತ್ತದೆ. ಮೈಮೇಲೆ ಇದರ ಗುರುತುಗಳು ಕಾಣಬಹುದು. ಹಿಮ್ಮಡಿಯ ಮೇಲಿನ ದಪ್ಪ ಸ್ನಾಯುಬಂಧವನ್ನು ಎರಡು ಬೆರಳಿನಲ್ಲಿ ಹಿಡಿದು ನೋಡಿದರೆ ಹಗ್ಗದ ಗಂಟಿನಂತೆ ಒರಟಾಗಿ ದಪ್ಪಗಿರುತ್ತದೆ. ಬೆರಳ ಗೆಣ್ಣುಗಳ ಮೇಲೆ ಗಟ್ಟಿ ಗಂಟುಗಳು. 45 ದಾಟುವ ಮೊದಲೇ ಕಣ್ಣಿನ ಕರಿಗುಡ್ಡೆಯ ಸುತ್ತ ಬೂದುಬಣ್ಣದ ಬಳೆ. ರೆಪ್ಪೆಯ ಮೂಲೆಯಲ್ಲಿ ಬೆಣ್ಣೆ ಸವರಿದಂತೆ ಹಳದಿ ಕಲೆ, ಇದು ಬೇರೆಯವರಲ್ಲೂ ಬರಬಹುದಾದರೂ ರಕ್ತ ಪರೀಕ್ಷೆಗೆ ಸಾಕಷ್ಟು ಕಾರಣ. ಎಷ್ಟೋ ಎಫ್‌ಎಚ್ ರೋಗಿಗಳಲ್ಲಿ ಈ ಯಾವ ಗುರುತೂ ಇರುವುದಿಲ್ಲ. ಮೈ ತೆಳ್ಳಗೆ, ದುಡಿಮೆ ಜೋರು, ಊಟ ರೊಟ್ಟಿ-ಪಲ್ಯ. ಪ್ರಯೋಗಾಲಯದ ಕಾಗದದಲ್ಲಿ ಮಾತ್ರ ಎಲ್‌ಡಿಎಲ್ 190ರ ಮೇಲೆ.

ಇನ್ನು ಮದುವೆಯ ಮಾತು. ಉತ್ತರ ಕರ್ನಾಟಕದಲ್ಲಿ ಅಕ್ಕನ ಮಗಳನ್ನು, ಸೋದರಮಾವನ ಅಥವಾ ಸೋದರತ್ತೆಯ ಮಗಳನ್ನು ತರುವುದು ತಲೆತಲಾಂತರದ ರೂಢಿ. ಹೊಲ ಹರಿಯಬಾರದು, ಕಳ್ಳುಬಳ್ಳಿ ಕಡಿಯಬಾರದು, ಮಗಳು ಪರರ ಪಾಲಾಗಬಾರದು ಎಂಬ ಕಾಳಜಿ ಅದರ ಹಿಂದಿದೆ. 1980ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್ ಮತ್ತು ತಳಿವಿಜ್ಞಾನಿ ಅಲನ್ ಬಿಟಲ್ಸ್ ಅವರ ತಂಡ ಕರ್ನಾಟಕದ ನವಜಾತ ಶಿಶುಗಳ ತಪಾಸಣೆಯ ಜೊತೆಗೆ ತಂದೆತಾಯಿಯರ ಸಂಬಂಧವನ್ನೂ ಕೇಳಿ ಬರೆದುಕೊಂಡಿತು. ಮೂರನೇ ಒಂದು ಪಾಲಿನಷ್ಟು ಮದುವೆಗಳು ರಕ್ತಸಂಬಂಧದೊಳಗೇ ಆಗಿದ್ದವು. ಆಮೇಲೆ ಅದು ತಗ್ಗಿದೆ. ಆದರೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ರಾಜ್ಯದ ಕಾಲುಭಾಗಕ್ಕೂ ತುಸು ಹೆಚ್ಚು ಮದುವೆಗಳು ಒಳಸಂಬಂಧದವೇ.

ಲೆಕ್ಕ ಹಾಕಿ ನೋಡಿದರೆ ಇದರ ಅರ್ಥ ತಿಳಿಯುತ್ತದೆ. ಒಬ್ಬ ಹುಡುಗನಿಗೆ ಎಫ್‌ಎಚ್ ಇದೆ ಎಂದುಕೊಳ್ಳೋಣ. ಅದು ಅವನಿಗೆ ಅಪ್ಪ ಅಥವಾ ಅವ್ವನಿಂದ ಬಂದದ್ದು, ಹಾಗಾಗಿ ಅವನ ಅಕ್ಕನಲ್ಲೂ ಇರುವ ಸಾಧ್ಯತೆ ಎರಡರಲ್ಲೊಂದು, ಅಕ್ಕನ ಮಗಳಲ್ಲಿ ನಾಲ್ಕರಲ್ಲೊಂದು. ಆ ಹುಡುಗಿಯನ್ನೇ ಮದುವೆಯಾದರೆ, ಹುಟ್ಟುವ ಪ್ರತಿ ಮಗುವಿಗೂ ಎರಡೂ ಕಡೆಯಿಂದ ಕೆಟ್ಟ ಪ್ರತಿ ಬರುವ ಸಾಧ್ಯತೆ ಹದಿನಾರರಲ್ಲೊಂದು. ಸೋದರಮಾವನ ಮಗಳಾದರೆ ಮೂವತ್ತೆರಡರಲ್ಲೊಂದು. ಸಂಬಂಧವೇ ಇಲ್ಲದ ಮನೆಯ ಹೆಣ್ಣಾದರೆ ಸುಮಾರು ಸಾವಿರದಲ್ಲೊಂದು. ಎರಡೂ ಪ್ರತಿ ಕೆಟ್ಟ ಮಗುವಿನ ಎಲ್‌ಡಿಎಲ್ ಹಲವು ಸಲ 500 ದಾಟಿರುತ್ತದೆ. ಮೊಣಕೈ, ಮೊಣಕಾಲು, ಬೆರಳ ಸಂದುಗಳಲ್ಲಿ ಹಳದಿ ಗಂಟುಗಳು ಏಳುತ್ತವೆ. ಅದನ್ನು ಚರ್ಮದ ಕಾಯಿಲೆ ಎಂದುಕೊಂಡು ವರ್ಷಗಟ್ಟಲೆ ಮುಲಾಮು ಹಚ್ಚುವುದುಂಟು. ಹತ್ತು ಹದಿನೈದು ವಯಸ್ಸಿಗೇ ಹೃದಯಾಘಾತ ಆಗಬಹುದಾದ ಮಕ್ಕಳು ಇವರು.

ಇಲ್ಲಿ ಒಂದು ಮಾತು ಸ್ಪಷ್ಟವಾಗಿರಬೇಕು. ಮಧ್ಯವಯಸ್ಸಿನ ಸಾಮಾನ್ಯ ಹೃದಯಾಘಾತಕ್ಕೆಲ್ಲ ಒಳಸಂಬಂಧವೇ ಕಾರಣ ಎಂದು ದೂರುವುದು ತಪ್ಪು. ಅಪಾಯ ಇರುವುದು ಕಾಯಿಲೆ ಈಗಾಗಲೇ ತಿರುಗಾಡುತ್ತಿರುವ ಮನೆತನದೊಳಗೆ, ಯಾರೂ ರಕ್ತ ಪರೀಕ್ಷೆ ಮಾಡಿಸದೆ ಸಂಬಂಧ ಬೆಳೆಸಿದಾಗ.

ಎರಡನೆಯ ಬಗೆ, ಅಂದರೆ ಸಣ್ಣ ಸಣ್ಣ ಒಲವುಗಳ ಭಾರ, ಹೆಚ್ಚು ಜನರಲ್ಲಿರುವಂಥದ್ದು, ಕಣ್ಣಿಗೆ ಕಾಣದ್ದು. 2007ರಲ್ಲಿ ಎರಡು ತಂಡಗಳು ಬೇರೆ ಬೇರೆಯಾಗಿ ಹುಡುಕುತ್ತ ಒಂಬತ್ತನೆಯ ವರ್ಣತಂತುವಿನ ಒಂದೇ ತುಣುಕಿಗೆ ಬಂದು ನಿಂತವು. 9ಪಿ21 ಎಂದು ಅದರ ವಿಳಾಸ. ಕೊಲೆಸ್ಟರಾಲ್, ರಕ್ತದೊತ್ತಡ, ಸಕ್ಕರೆ ಯಾವುದರ ಮೂಲಕವೂ ಅಲ್ಲದೆ, ನೇರ ರಕ್ತನಾಳದ ಗೋಡೆಯ ಮೂಲಕವೇ ಅದು ಅಪಾಯ ಹೆಚ್ಚಿಸುತ್ತದೆ. ಭಾರತೀಯರಲ್ಲೂ ಅದು ದೃಢಪಟ್ಟಿತು. 2022ರ ಹೊತ್ತಿಗೆ ಹತ್ತು ಲಕ್ಷಕ್ಕೂ ಹೆಚ್ಚು ಜನರ ವಂಶವಾಹಿಗಳನ್ನು ನೋಡಿ ಇಂಥ 241 ತಾಣಗಳನ್ನು ಗುರುತಿಸಲಾಯಿತು. ಒಂದೊಂದೂ ತರುವ ಅಪಾಯ ಅತಿ ಸಣ್ಣದು. ಎಲ್ಲವನ್ನೂ ಕೂಡಿಸಿದ ಅಂಕವನ್ನು ಈಗ ಖಾಸಗಿ ಪ್ರಯೋಗಾಲಯಗಳು ಮಾರುತ್ತಿವೆ. ಬೈಲಹೊಂಗಲದ ರೈತನೊಬ್ಬ ಅದಕ್ಕೆ ಸಾವಿರಾರು ರೂಪಾಯಿ ಕೊಡುವ ಅಗತ್ಯ ಸದ್ಯಕ್ಕಿಲ್ಲ. ಆ ಅಂಕಗಳನ್ನು ಬಹುಪಾಲು ಯುರೋಪ್ ಮೂಲದವರ ಮೇಲೆ ಕಟ್ಟಲಾಗಿದೆ, ನಮ್ಮವರ ಮೇಲೆ ಅವು ಅಷ್ಟು ಸರಿಯಾಗಿ ಕೂರುವುದಿಲ್ಲ. ಬೆಂಗಳೂರಿನ ಮಿದುಳು ಸಂಶೋಧನಾ ಕೇಂದ್ರ ಮುಂದೆ ನಿಂತು ನಡೆಸಿದ ಜೀನೋಮ್ ಇಂಡಿಯಾ ಯೋಜನೆ 80ಕ್ಕೂ ಹೆಚ್ಚು ಸಮುದಾಯಗಳ ಹತ್ತು ಸಾವಿರದಷ್ಟು ಜನರ ಮಾಹಿತಿಯನ್ನು 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆದಿಟ್ಟಿತು. ನಮ್ಮ ಅಳತೆಗೋಲು ಅಂಥ ಕೆಲಸದಿಂದ ಬರಬೇಕು.

ನಮ್ಮವರಿಗೆ ಈಗಲೇ ಬಳಕೆಗೆ ಬರುವ ಪರೀಕ್ಷೆ ಒಂದಿದೆ. ಲೈಪೊಪ್ರೋಟೀನ್-ಎ ಎಂಬ ಕೊಬ್ಬಿನ ಕಣವನ್ನು ನಾರ್ವೆಯ ಕೋರೆ ಬರ್ಗ್ 1963ರಲ್ಲಿ ಗುರುತಿಸಿದರು. ರಕ್ತದಲ್ಲಿ ಅದು ಎಷ್ಟಿರಬೇಕೆಂಬುದನ್ನು ಹೆಚ್ಚುಕಡಿಮೆ ಒಂದೇ ವಂಶವಾಹಿ ತೀರ್ಮಾನಿಸುತ್ತದೆ. ಊಟ, ವ್ಯಾಯಾಮ ಯಾವುದರಿಂದಲೂ ಅದು ಹೆಚ್ಚು ಬದಲಾಗದು. ದಕ್ಷಿಣ ಏಷ್ಯಾದವರಲ್ಲಿ ಅದರ ಮಟ್ಟ ಯುರೋಪಿನವರಿಗಿಂತ ಹೆಚ್ಚು. ಡೆಸಿಲೀಟರಿಗೆ 50 ಮಿಲಿಗ್ರಾಂ ದಾಟಿದವರಲ್ಲಿ ಹೃದಯಾಘಾತದ ಅಪಾಯವೂ ಎರಡು ಪಟ್ಟಿನಷ್ಟು ಎಂದು ಬಹುರಾಷ್ಟ್ರೀಯ ಅಧ್ಯಯನ ತೋರಿಸಿದೆ. ಜೀವನದಲ್ಲಿ ಒಮ್ಮೆ ನೋಡಿಸಿದರೆ ಸಾಕು. 'ಕೊಲೆಸ್ಟರಾಲ್ ನಾರ್ಮಲ್ ಇತ್ತು, ಆದರೂ ಅಟ್ಯಾಕ್ ಆಯಿತು' ಎನ್ನುವ ಮನೆಗಳಲ್ಲಿ ಇದನ್ನು ನೋಡದೆ ಬಿಡುವುದು ದೊಡ್ಡ ಲೋಪ.

ವಂಶವಾಹಿಗಳು ಕೆಡುಕನ್ನೇ ತರುತ್ತವೆ ಎಂದಲ್ಲ. ಪಿಸಿಎಸ್‌ಕೆ9 ಎಂಬ ವಂಶವಾಹಿ ಆ ಎಲ್‌ಡಿಎಲ್ ಬಾಗಿಲುಗಳನ್ನು ಕಿತ್ತುಹಾಕುವ ಕೆಲಸ ಮಾಡುತ್ತದೆ. ಅದು ಅತಿಯಾಗಿ ದುಡಿಯುವ ಕುಟುಂಬಗಳು 2003ರಲ್ಲಿ ಫ್ರಾನ್ಸಿನಲ್ಲಿ ಸಿಕ್ಕವು. ಅದು ಹುಟ್ಟಿನಿಂದಲೇ ಕೆಲಸ ನಿಲ್ಲಿಸಿದವರು ಅಮೆರಿಕದ ಕಪ್ಪುಜನರಲ್ಲಿ ಸಿಕ್ಕರು. ಹೆಲೆನ್ ಹಾಬ್ಸ್ ಮತ್ತು ಜೊನಾಥನ್ ಕೋಹೆನ್ 2006ರಲ್ಲಿ ಪ್ರಕಟಿಸಿದ ಪ್ರಕಾರ ಅಂಥವರ ಎಲ್‌ಡಿಎಲ್ ನೂರಕ್ಕೆ 28ರಷ್ಟು ಕಡಿಮೆ, ಹೃದಯದ ಕಾಯಿಲೆ ಮಾತ್ರ 88ರಷ್ಟು ಕಡಿಮೆ. ಐವತ್ತರ ನಂತರ ಗುಳಿಗೆಯಿಂದ ಅಷ್ಟೇ ಎಲ್‌ಡಿಎಲ್ ಇಳಿಸಿದರೆ ಈ ಲಾಭ ಸಿಗುವುದಿಲ್ಲ. ಬಾಲ್ಯದಿಂದ ಇಳಿದಿದ್ದುದೇ ಅವರನ್ನು ಕಾಯಿತು. ಎಫ್‌ಎಚ್ ಇರುವ ಮಗುವಿಗೆ ಎಂಟು ಹತ್ತರ ವಯಸ್ಸಿಗೇ ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಗುಳಿಗೆ ಶುರುಮಾಡಿ ಎಂದು ವೈದ್ಯರು ಹೇಳುವುದರ ಹಿಂದೆ ಇದೇ ತರ್ಕ.

ಕರ್ನಾಟಕದ ಮಣ್ಣಿನಲ್ಲೇ ನಡೆದ ಅಧ್ಯಯನಗಳು ಚಿತ್ರದ ಇನ್ನೊಂದು ಮಗ್ಗುಲನ್ನು ತೋರಿಸುತ್ತವೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ಪ್ರೇಮ್ ಪೈಸ್ ಮತ್ತು ಸಂಗಡಿಗರು ಮೊದಲ ಸಲ ಹೃದಯಾಘಾತವಾದ 200 ಮಂದಿಯನ್ನು ಬೇರೆ 200 ಮಂದಿಯ ಜೊತೆ ಹೋಲಿಸಿ 1996ರಲ್ಲಿ ಪ್ರಕಟಿಸಿದರು. ಎಲ್ಲಕ್ಕಿಂತ ಮುಂದೆ ನಿಂತದ್ದು ಬೀಡಿ-ಸಿಗರೇಟು. 2004ರಲ್ಲಿ 52 ದೇಶಗಳ ಇಂಟರ್‌ಹಾರ್ಟ್ ಅಧ್ಯಯನ ಇದನ್ನು ವಿಸ್ತರಿಸಿತು. ತಂಬಾಕು, ಕೊಬ್ಬು, ಬಿಪಿ, ಸಕ್ಕರೆ, ಹೊಟ್ಟೆಯ ಬೊಜ್ಜು ಮೊದಲಾದ ಒಂಬತ್ತು ಕಾರಣಗಳೇ ಹೃದಯಾಘಾತಗಳ ನೂರಕ್ಕೆ 90ರಷ್ಟನ್ನು ವಿವರಿಸಿದವು. ವಂಶದ ಚರಿತ್ರೆ ಸೇರಿಸಿದರೆ ಅದು 91ಕ್ಕೆ ಏರಿತು, ಅಷ್ಟೇ. ವಂಶದ ಪಾಲು ಅರ್ಧ ಎಂದ ಮಾತಿಗೂ ಇದಕ್ಕೂ ಎಲ್ಲಿಂದೆಲ್ಲಿಗೆ ಎನಿಸಬಹುದು. ವಂಶದ ಅಪಾಯ ಬಹುಮಟ್ಟಿಗೆ ಬಿಪಿ, ಸಕ್ಕರೆ, ಕೊಬ್ಬುಗಳ ವೇಷದಲ್ಲೇ ಬರುತ್ತದೆ, ಹಾಗಾಗಿ ಎರಡೂ ಮಾತು ನಿಜ. ಅದೇ ಅಧ್ಯಯನದಲ್ಲಿ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಉಳಿದವರಿಗಿಂತ ಐದಾರು ವರ್ಷ ಮುಂಚೆ, ಸುಮಾರು 53ಕ್ಕೆ ಬರುತ್ತಿತ್ತು.

ಮೈಸೂರಿನಿಂದ ಬಂದ ಸಾಕ್ಷಿ ಇನ್ನೂ ವಿಶೇಷ. ಅಲ್ಲಿನ ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆ 1934ರಿಂದ ಹುಟ್ಟಿದ ಕೂಸುಗಳ ತೂಕವನ್ನು ಬರೆದಿಟ್ಟಿತ್ತು. ಆ ದಾಖಲೆ ಹಿಡಿದು 1934ರಿಂದ 1954ರ ನಡುವೆ ಹುಟ್ಟಿದ 517 ಮಂದಿಯನ್ನು ಹುಡುಕಿ ಪರೀಕ್ಷಿಸಲಾಯಿತು. ಎರಡೂವರೆ ಕಿಲೋಗಿಂತ ಹಗುರಾಗಿ ಹುಟ್ಟಿದವರಲ್ಲಿ ನೂರಕ್ಕೆ 11 ಮಂದಿಗೆ ಹೃದಯದ ಕಾಯಿಲೆ, ಮೂರು ಕಿಲೋ ದಾಟಿ ಹುಟ್ಟಿದವರಲ್ಲಿ ಮೂವರಿಗೆ ಮಾತ್ರ. 1996ರಲ್ಲಿ ಇದು ಪ್ರಕಟವಾಯಿತು. ಅಂದರೆ ತಾಯಿಯಿಂದ ಬರುವುದು ವಂಶವಾಹಿಯಷ್ಟೇ ಅಲ್ಲ, ಬಸಿರಿನಲ್ಲಿ ಆಕೆಗೆ ಸಿಕ್ಕ ಅಥವಾ ಸಿಗದ ಊಟವೂ ಮಗುವಿನ ರಕ್ತನಾಳದಲ್ಲಿ ಐವತ್ತು ವರ್ಷ ಉಳಿಯುತ್ತದೆ. ಮನೆತನದ ಕಾಯಿಲೆ ಎಂದಾಗ ಸೊಸೆಯಂದಿರ ತಟ್ಟೆಯನ್ನೂ ನೋಡಬೇಕಾಗುತ್ತದೆ.

ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆ 2017ರಿಂದ ನಲವತ್ತು ದಾಟದ ಹೃದ್ರೋಗಿಗಳ ಪ್ರತ್ಯೇಕ ದಾಖಲೆ ಇಡುತ್ತಿದೆ. ಅಲ್ಲಿ ಎದ್ದು ಕಾಣುವುದು ಮತ್ತೆ ತಂಬಾಕೇ. 2025ರ ಮಧ್ಯದಲ್ಲಿ ಹಾಸನ ಜಿಲ್ಲೆಯ ಹಠಾತ್ ಸಾವುಗಳು ಸುದ್ದಿಯಾದಾಗ ಸರ್ಕಾರ ಜಯದೇವದ ನಿರ್ದೇಶಕರ ನೇತೃತ್ವದಲ್ಲಿ ಸಮಿತಿ ಮಾಡಿತು. ಸಮಿತಿ ನೋಡಿದ 24 ಸಾವುಗಳಲ್ಲಿ ನಾಲ್ಕಕ್ಕೆ ಹೃದಯ ಕಾರಣವೇ ಆಗಿರಲಿಲ್ಲ. ಉಳಿದವರಲ್ಲಿ ಬಿಪಿ, ಸಕ್ಕರೆ, ಧೂಮಪಾನ, ಕುಡಿತದ ಜೊತೆ ವಂಶದ ಚರಿತ್ರೆಯೂ ಕಂಡಿತು.

ಒಂದು ಪೀಳಿಗೆಯಲ್ಲಿ ವಂಶವಾಹಿ ಬದಲಾಗುವುದಿಲ್ಲ, ಬದುಕು ಬದಲಾಗುತ್ತದೆ. ನಿಪ್ಪಾಣಿಯ ತಂಬಾಕಿನ ಜಿಲ್ಲೆ ಬೆಳಗಾವಿ. ಗುಟ್ಕಾ ಚೀಟಿ ಪ್ರತಿ ಬಸ್ ನಿಲ್ದಾಣದಲ್ಲೂ ತೂಗುತ್ತದೆ. ಎತ್ತು ಹೋಗಿ ಟ್ರ್ಯಾಕ್ಟರ್ ಬಂತು, ಮೈಗೆ ದುಡಿಮೆ ಕಡಿಮೆಯಾಯಿತು. ಇಂಥಲ್ಲಿ 2016ರ ಅಧ್ಯಯನವೊಂದು ಧೈರ್ಯ ಕೊಡುವಂಥದ್ದು. 55 ಸಾವಿರಕ್ಕೂ ಹೆಚ್ಚು ಜನರನ್ನು ನೋಡಿದಾಗ, ವಂಶವಾಹಿಯ ಅಪಾಯ ಅತಿ ಹೆಚ್ಚಿದ್ದವರು ಕೂಡ ತಂಬಾಕು ಬಿಟ್ಟು, ತೂಕ ಹಿಡಿತದಲ್ಲಿಟ್ಟು, ಮೈ ದಣಿಸಿ, ಹಿತಮಿತ ಉಂಡರೆ ಹೃದಯಾಘಾತದ ಸಾಧ್ಯತೆ ಅರ್ಧದಷ್ಟು ಇಳಿಯುತ್ತಿತ್ತು. 'ನಮ್ಮ ಮನೆತನಕ್ಕೇ ಐತಿ, ಹಣೆಬರಹ' ಎಂದು ಕೈಚೆಲ್ಲುವವರಿಗೆ ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಹೆಚ್ಚು ಲಾಭ ಇರುವುದು ಅಂಥ ಮನೆಯವರಿಗೇ.

ನೆದರ್ಲೆಂಡ್ಸ್ ದೇಶ 1994ರಿಂದ 20 ವರ್ಷ ಒಂದು ಸರಳ ಕೆಲಸ ಮಾಡಿತು. ಒಬ್ಬ ಎಫ್‌ಎಚ್ ರೋಗಿ ಸಿಕ್ಕರೆ ಅವನ ತಂದೆತಾಯಿ, ಒಡಹುಟ್ಟಿದವರು, ಮಕ್ಕಳು, ಆಮೇಲೆ ಕಾಕಾ, ಮಾಮಾ, ಅವರ ಮಕ್ಕಳು, ಹೀಗೆ ಮನೆಯಿಂದ ಮನೆಗೆ ಹೋಗಿ ಪರೀಕ್ಷೆ. ಸುಮಾರು 28 ಸಾವಿರ ಮಂದಿ ಸಿಕ್ಕರು. ಅಲ್ಲಿ ದಾದಿಯರು ಕುಳಿತು ವಂಶವೃಕ್ಷ ಬರೆಯಬೇಕಾಯಿತು. ಇಲ್ಲಿ ಹೆಳವರ ಬಾಯಲ್ಲಿ ಅದರ ಅರ್ಧ ಆಗಲೇ ಸಿದ್ಧವಿದೆ, ಉಳಿದರ್ಧ ಮನೆಯ ಹಿರಿಯ ಹೆಂಗಸರಿಗೆ ಗೊತ್ತು. ಕೊಬ್ಬಿನ ರಕ್ತ ಪರೀಕ್ಷೆ ತಾಲ್ಲೂಕು ಊರಿನ ಪ್ರಯೋಗಾಲಯದಲ್ಲಿ ಕೆಲವೇ ನೂರು ರೂಪಾಯಿಗೆ ಆಗುತ್ತದೆ. ಸ್ಟ್ಯಾಟಿನ್ ಗುಳಿಗೆ ಜನೌಷಧಿ ಅಂಗಡಿಯಲ್ಲಿ ದಿನಕ್ಕೆ ಕೆಲವು ರೂಪಾಯಿ ಮಾತ್ರ.

ತಡವಾಗಿ ಬಂದವರ ಪಾಡು ಬೇರೆ. ಸೇಂಟ್ ಜಾನ್ಸ್ ತಂಡವೇ 2008ರಲ್ಲಿ ಪ್ರಕಟಿಸಿದ ದೇಶದ 50 ನಗರಗಳ ದಾಖಲೆಯಲ್ಲಿ, ದೊಡ್ಡ ಹೃದಯಾಘಾತವಾದವರು ಆಸ್ಪತ್ರೆ ಮುಟ್ಟಲು ಸುಮಾರು ಐದು ತಾಸು ತಗೊಂಡಿದ್ದರು. ರಾಮದುರ್ಗದಿಂದ ಬೆಳಗಾವಿ ನೂರು ಕಿಲೋಮೀಟರ್. 2021ರ ಅಕ್ಟೋಬರ್ 29ರಂದು 46ನೇ ವಯಸ್ಸಿಗೆ ತೀರಿಕೊಂಡ ನಟ ಪುನೀತ್ ರಾಜ್‌ಕುಮಾರ್ ಅವರ ಹೆಸರಿನ ಹೃದಯ ಜ್ಯೋತಿ ಯೋಜನೆ ಈ ದೂರವನ್ನು ಕಡಿಮೆ ಮಾಡಲೆಂದೇ ಬಂದದ್ದು. ಸರ್ಕಾರಿ ಆಸ್ಪತ್ರೆಯಲ್ಲೇ ಇಸಿಜಿ ತೆಗೆದು ದೂರದ ತಜ್ಞರಿಗೆ ಕಳಿಸಿ, ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ವ್ಯವಸ್ಥೆ ಅದು. ಎದೆ ಹಿಂಡಿದಂತಾದರೆ ಗ್ಯಾಸ್ ಎಂದು ಸೋಡಾ ಕುಡಿದು ಕೂರದೆ ಮೊದಲು ಅಲ್ಲಿಗೆ ಹೋಗಬೇಕು.

ಮುಂದಿನ ಸುಗ್ಗಿಗೆ ಹೆಳವರು ಬಂದು ವಂಶ ಹೇಳುವಾಗ ಮನೆಯ ಓದಿದ ಮಕ್ಕಳು ಒಂದು ನೋಟುಬುಕ್ ಹಿಡಿದು ಪಕ್ಕದಲ್ಲಿ ಕೂರಲಿ. ಪ್ರತಿ ಹೆಸರಿನ ಮುಂದೆ, ಎಷ್ಟನೇ ವಯಸ್ಸಿಗೆ ಹೋದರು, ಏನಾಗಿತ್ತು ಎಂದು ಅಜ್ಜಿಯನ್ನು ಕೇಳಿ ಬರೆದುಕೊಳ್ಳಲಿ. ಅವ್ವನ ತವರಿಗೆ ಹೋದಾಗ ಅಲ್ಲಿಯದನ್ನೂ ಬರೆಯಲಿ. 55ರೊಳಗೆ ಎದೆಬೇನೆಯಿಂದ ಹೋದ ಗಂಡಸು, 65ರೊಳಗೆ ಹೋದ ಹೆಂಗಸು ಆ ಪಟ್ಟಿಯಲ್ಲಿ ಒಬ್ಬರಿದ್ದರೂ ಮನೆಯವರೆಲ್ಲ, ಮಕ್ಕಳೂ ಸೇರಿ, ಆ ತಿಂಗಳೇ ಕೊಬ್ಬಿನ ಪರೀಕ್ಷೆ ಮಾಡಿಸಿ ಕಾಗದವನ್ನು ವೈದ್ಯರಿಗೆ ತೋರಿಸಬೇಕು. ಒಳಸಂಬಂಧದ ಮಾತು ನಡೆದಿದ್ದರೆ, ನಿಶ್ಚಯಕ್ಕೆ ಮೊದಲೇ.